ಒಂದು ಕಣ್ಣು ಮೈನಸ್ 2, ಇನ್ನೊಂದು ಮೈನಸ್ 7: ಎರಡೂ ಗ್ಲಾಸ್ ಸಮ ಕಾಣಲು ಯಾವುದು ವಾಸಿ?

ನನ್ನ ಬಲಗಣ್ಣಿನ ನಂಬರ್ ಮೈನಸ್ 2, ಎಡಗಣ್ಣಿನದು ಮೈನಸ್ 7. ಇಂಥ ಕನ್ನಡಕ ಎದುರಿಗೆ ಕೂತವರ ಕಣ್ಣಿಗೆ ಬೇಗ ಬೀಳುತ್ತದೆ. ಒಂದು ಕಡೆ ಸಾದಾ ಗ್ಲಾಸ್, ಇನ್ನೊಂದು ಕಡೆ ಸೋಡಾಬುಡ್ಡಿ. ಬೆಳಗಾವಿಯ ಖಡೇಬಜಾರ್‌ನಲ್ಲಿ ಕೇಳಿ, ಕಿರ್ಲೋಸ್ಕರ್ ರೋಡ್‌ನಲ್ಲಿ ಕೇಳಿ, ನನಗೆ ಸಿಕ್ಕ ಉತ್ತರ ಒಂದೇ: "ಹೈ ಇಂಡೆಕ್ಸ್ ಹಾಕಸ್ರಿ ಸರ, ಬಾರೀಕ್ ಆಗ್ತದ." ಇಂಡೆಕ್ಸ್ ಅಂದರೆ ಗ್ಲಾಸಿನ ಸರಕು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ: 1.50, 1.60, 1.67 ಹೀಗೆ. ತೆಳ್ಳಗಾಗುತ್ತದೆ, ಸುಳ್ಳಲ್ಲ. ಆದರೆ ಗ್ಲಾಸ್ ತೆಳ್ಳಗಾಗುವುದು ಬೇರೆ, ಎರಡೂ ಸಮ ಕಾಣುವುದು ಬೇರೆ. ನನಗೆ ಬೇಕಿದ್ದದ್ದು ಎರಡನೆಯದು. ಅದಕ್ಕೆ ನಾನು ಹಾಕಿ ನೋಡಿದ ಜೋಡಿಗಳ ಹೋಲಿಕೆ ಇದು.

ಮೊದಲು ಸ್ವಲ್ಪ ಲೆಕ್ಕ. ಮೈನಸ್ ಗ್ಲಾಸ್ ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ನಂಬರ್ ಏರಿದರೆ ಅಂಚು ದಪ್ಪವಾಗುತ್ತದೆ, ಇಂಡೆಕ್ಸ್ ಏರಿದರೆ ತೆಳ್ಳಗಾಗುತ್ತದೆ. ಇಷ್ಟನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಅಷ್ಟಾಗಿ ಹೇಳದ್ದು ಮೂರನೆಯದು: ಕಣ್ಣುಪಾಪೆಯ ನೇರಕ್ಕೆ ಬರಬೇಕಾದ ಗ್ಲಾಸಿನ ಆಪ್ಟಿಕಲ್ ಸೆಂಟರ್‌ನಿಂದ ಅಂಚು ಎಷ್ಟು ದೂರ ಇದೆ ಅನ್ನೋದು. ಈ ದೂರ ಎರಡು ಪಟ್ಟಾದರೆ ಅಂಚಿಗೆ ಸೇರುವ ದಪ್ಪ ನಾಲ್ಕು ಪಟ್ಟಾಗುತ್ತದೆ.

ಫ್ರೇಮಿನ ಕಡ್ಡಿಯ ಒಳಗೆ 54-18 ಅಂತ ಬರೆದಿರುತ್ತಾರಲ್ಲ, ಗ್ಲಾಸಿನ ಅಗಲ 54 ಮಿಲಿಮೀಟರ್, ಮೂಗಿನ ಸೇತುವೆ 18. ಎರಡೂ ಕೂಡಿದರೆ 72. ನನ್ನ ಎರಡು ಕಣ್ಣುಪಾಪೆಗಳ ನಡುವಿನ ಅಂತರ, ಅಂದರೆ ಪಿಡಿ, 62. ಹಾಗಾಗಿ ಪ್ರತಿ ಗ್ಲಾಸಿನ ಸೆಂಟರ್ 5 ಮಿಲಿಮೀಟರ್ ಮೂಗಿನ ಕಡೆಗೆ ಸರಿಯಬೇಕು. ಆಗ ಕಿವಿ ಕಡೆಯ ಅಂಚು ಸೆಂಟರ್‌ನಿಂದ 32 ಮಿಲಿಮೀಟರ್ ದೂರ ಹೋಗುತ್ತದೆ. ದಪ್ಪ ಎದ್ದು ಕಾಣುವುದು ಅಲ್ಲೇ.

ಈ ದೊಡ್ಡ ಫ್ರೇಮಿಗೆ ಸಾದಾ 1.50 ಗ್ಲಾಸ್ ಹಾಕಿದಾಗ ಎಡಗಡೆ ಅಂಚು 9 ಮಿಲಿಮೀಟರ್ ದಾಟಿತ್ತು, ಬಲಗಡೆ 4ರ ಆಸುಪಾಸು. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ನೋಡಲು ಚೆನ್ನಾಗಿಲ್ಲ, ಎಡಕ್ಕೆ ವಾಲುತ್ತದೆ.

ಅದೇ ಫ್ರೇಮಿಗೆ ಎರಡೂ ಕಡೆ 1.67 ಹಾಕಿದರೆ ಎಡ ಆರೂವರೆಗೆ ಇಳಿಯುತ್ತದೆ. ಆದರೆ ಬಲವೂ 3ಕ್ಕಿಂತ ಕೆಳಗೆ ಬರುತ್ತದೆ. ಎರಡೂ ತೆಳ್ಳಗಾದವು, ನಡುವಿನ ಅಂತರ ಮಾತ್ರ ಸುಮಾರು 4 ಮಿಲಿಮೀಟರ್ ಉಳಿದೇ ಹೋಯಿತು. ರೊಕ್ಕ ಕೊಟ್ಟು ಹಾಕಿಸಿದ ಮೇಲೂ ಜೋಡಿ ಹೊಂದಲಿಲ್ಲ.

ಮೂರನೆಯ ದಾರಿ ಮಿಶ್ರ ಜೋಡಿ: ಎಡಕ್ಕೆ 1.67, ಬಲಕ್ಕೆ 1.50. ಅಂಗಡಿಯವರಿಗೆ ಇದು ಅಷ್ಟು ಇಷ್ಟವಾಗುವುದಿಲ್ಲ, "ಹಂಗ ಯಾರೂ ಹಾಕ್ಸೂದಿಲ್ರಿ" ಅಂತಾರೆ. ಲೆಕ್ಕಕ್ಕೆ ಇದು ಸರಿಯೇ. ಅಂತರ ಎರಡೂವರೆಗೆ ಇಳಿಯುತ್ತದೆ, ಖರ್ಚೂ ಕಡಿಮೆ. ತೊಂದರೆ ಬೇರೆ ಕಡೆ ಇದೆ. ಎರಡು ಗ್ಲಾಸ್ ಬೇರೆ ಬೇರೆ ಸರಕು ಆದ್ದರಿಂದ ಬೆಳಕಿನ ಪ್ರತಿಫಲನ ತಡೆಯುವ ಎಆರ್‌ಸಿ ಕೋಟಿಂಗ್‌ನ ಹೊಳಪು ಒಂದೇ ಬಣ್ಣ ಇರಲಿಲ್ಲ. ಒಂದು ಹಸಿರು, ಇನ್ನೊಂದು ನೀಲಿ. ಮದುವೆ ಹಾಲ್‌ನ ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು! ನೀಲಿ ಬೆಳಕು ತಡೆಯುವ ಬ್ಲೂ ಕಟ್ ಬೇಕಿದ್ದವರು ಇನ್ನೂ ಎಚ್ಚರ ಇರಬೇಕು. ಅದರಲ್ಲಿ ಗ್ಲಾಸಿಗೇ ತುಸು ಹಳದಿ ಛಾಯೆ ಇರುತ್ತದೆ. ಒಂದು ಹಳದಿ, ಒಂದು ಬಿಳಿ ಆದರೆ ಮುಗೀತು.

ನಿಜವಾದ ಫರಕು ಬಂದದ್ದು ಫ್ರೇಮ್ ಬದಲಿಸಿದಾಗ. 46-20 ಅಳತೆಯ, ತುಸು ದುಂಡನೆಯ ಫ್ರೇಮ್. ಕೂಡಿದರೆ 66, ಹಾಗಾಗಿ ಸೆಂಟರ್ ಸರಿಯಬೇಕಾದದ್ದು ಬರೀ 2 ಮಿಲಿಮೀಟರ್, ಅಂಚಿನ ದೂರ 25. ಇಲ್ಲಿ ಸಾದಾ 1.50 ಗ್ಲಾಸ್ ಹಾಕಿದರೂ ಎಡಗಡೆ ಅಂಚು ಆರೂವರೆ ದಾಟುವುದಿಲ್ಲ. ದೊಡ್ಡ ಫ್ರೇಮಿನಲ್ಲಿ 1.67 ಕೊಟ್ಟದ್ದೂ ಅಷ್ಟನ್ನೇ ಅಲ್ವಾ? ಅಂದರೆ ಫ್ರೇಮ್ ಚಿಕ್ಕದು ಮಾಡಿದ್ದು, ಗ್ಲಾಸ್ ದುಬಾರಿ ಮಾಡಿದ್ದು, ಎರಡರ ಫಲ ಒಂದೇ. ಮುಖ ಅಗಲ ಇದ್ದವರಿಗೆ ಚಿಕ್ಕ ಫ್ರೇಮ್ ಒಪ್ಪುವುದಿಲ್ಲ ಅನ್ನುವುದು ನಿಜ. ಅಂಥವರು ಗ್ಲಾಸ್ ಸಣ್ಣದಿದ್ದು ಸೇತುವೆ ಅಗಲ ಇರುವುದನ್ನು ಹುಡುಕಬೇಕು.

ಚಿಕ್ಕ ಫ್ರೇಮಿಗೆ ಯಾವ ಇಂಡೆಕ್ಸ್ ಅನ್ನುವುದು ಮುಂದಿನ ಪ್ರಶ್ನೆ. ಎಡಗಡೆ 1.60 ಹಾಕಿದರೆ ಸುಮಾರು 5 ಮಿಲಿಮೀಟರ್, 1.67 ಹಾಕಿದರೆ 4.6. 1.74ಕ್ಕೆ ಹೋದರೆ ಇನ್ನೊಂದು 0.3 ಕಡಿಮೆಯಾಗುತ್ತದೆ, ಅಷ್ಟೇ. ಆ 0.3ಕ್ಕೆ ಕೇಳುವ ಬೆಲೆ ನೋಡಿದರೆ ನಾನಂತೂ ಬೇಡ ಅನ್ನುತ್ತೇನೆ. ಇನ್ನೊಂದು ವಿಷಯ ಅಬ್ಬೆ ನಂಬರ್, ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬ್ಬೆಯ ಹೆಸರಿನದು. ಇದು ಕಡಿಮೆಯಾದಷ್ಟೂ ಗ್ಲಾಸ್ ಬಣ್ಣಗಳನ್ನು ಜಾಸ್ತಿ ಒಡೆಯುತ್ತದೆ. ಸಾದಾ ಗ್ಲಾಸಿಗೆ 58, 1.60ರ ಎಂಆರ್-8 ಅನ್ನುವ ಸರಕಿಗೆ 41, 1.67ಕ್ಕೆ ಸುಮಾರು 32. 1.67 ಹಾಕಿಕೊಂಡು ಓರೆಗಣ್ಣಿನಿಂದ ಟ್ಯೂಬ್‌ಲೈಟ್ ನೋಡಿದರೆ ಅಂಚಿಗೆ ನೀಲಿ-ಹಳದಿ ಗೆರೆ ಕಾಣುತ್ತಿತ್ತು. 1.60ರಲ್ಲಿ ಅದು ಅಷ್ಟಾಗಿ ಇಲ್ಲ. ಅದಕ್ಕೇ ನನ್ನ ಮತ 1.60ಕ್ಕೆ.

ಈಗ ಬಲಗಡೆಯದು. ಇಲ್ಲೇ ಎಲ್ಲರೂ ತೆಳ್ಳಗೆ ಮಾಡಲು ಹೋಗುತ್ತಾರೆ, ಮಾಡಬೇಕಾದದ್ದು ಉಲ್ಟಾ. ಎರಡಕ್ಕೂ ಒಂದೇ 1.60, ಒಂದೇ ಕೋಟಿಂಗ್ ಹೇಳಿ, ಬಲಗಡೆ ಗ್ಲಾಸಿನ ನಡುವಿನ ದಪ್ಪವನ್ನು ಒಂದು ಮಿಲಿಮೀಟರ್‌ನಷ್ಟು ಜಾಸ್ತಿ ಇಡಲು ಕೇಳಬೇಕು. ಆಗ ಬಲದ ಅಂಚು ಮೂರೂವರೆ ಹತ್ತಿರ ಬರುತ್ತದೆ, ಎಡದ್ದು 5. ಉಳಿಯುವ ಒಂದೂವರೆ ಮಿಲಿಮೀಟರ್ ಫರಕನ್ನು ದಪ್ಪ ಅಸಿಟೇಟ್ (ಪ್ಲಾಸ್ಟಿಕ್) ಫ್ರೇಮ್ ನುಂಗುತ್ತದೆ. ಮಿಶ್ರ ಜೋಡಿಯ ಲಾಭವೂ ಸಿಕ್ಕಿತು, ಹಸಿರು-ನೀಲಿಯ ಕಾಟವೂ ಹೋಯಿತು. ಬಲಗ್ಲಾಸಿಗೆ ತುಸು ತೂಕ ಬಂದು ಕನ್ನಡಕ ವಾಲುವುದೂ ಕಡಿಮೆಯಾಯಿತು. ನೆನಪಿರಲಿ, ಸ್ಟಾಕ್ ಗ್ಲಾಸಿನಲ್ಲಿ ಇದು ಆಗದು, ಅದು ಮೊದಲೇ ತಯಾರಾಗಿ ಬಂದಿರುತ್ತದೆ. ಲ್ಯಾಬಿಗೆ ಆರ್ಡರ್ ಕೊಟ್ಟು ಮಾಡಿಸಬೇಕು, ಕೆಲವು ದಿನ ಕಾಯಬೇಕು. ರಿಮ್‌ಲೆಸ್ ಮತ್ತು ಸುಪ್ರಾ (ಕೆಳಗೆ ರಿಮ್ ಬದಲು ದಾರ ಇರುವ) ಫ್ರೇಮ್ ನಮ್ಮಂಥವರಿಗಲ್ಲ, ಅಂಚೆಲ್ಲ ಬಯಲಿಗೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಸರಿಯಾಗುವುದಿಲ್ಲ. ಗ್ಲಾಸಿನ ಹಿಂದೆ ನನ್ನ ಎಡಗಣ್ಣು ಚಿಕ್ಕದಾಗಿಯೇ ಕಾಣುತ್ತದೆ. ಕಣ್ಣಿನಿಂದ 12 ಮಿಲಿಮೀಟರ್ ದೂರ ಇಟ್ಟ ಮೈನಸ್ 7 ಗ್ಲಾಸ್ ನಾವು ನೋಡುವುದನ್ನು ಸುಮಾರು 8 ಶೇಕಡಾ ಕುಗ್ಗಿಸುತ್ತದೆ, ಮೈನಸ್ 2 ಕುಗ್ಗಿಸುವುದು 2 ಶೇಕಡಾ ಅಷ್ಟೇ. ನಮ್ಮ ಕಣ್ಣನ್ನು ನೋಡುವವರಿಗೂ ಹಾಗೇ, ನಂಬರ್ ಜಾಸ್ತಿ ಇದ್ದ ಕಡೆ ಜಾಸ್ತಿ ಚಿಕ್ಕದು. ಇದಕ್ಕೆ ಕಾರಣ ನಂಬರ್ ಮತ್ತು ದೂರ. ಅಂಚಿನ ದಪ್ಪಕ್ಕೂ ಇದಕ್ಕೂ ಸಂಬಂಧ ಕಡಿಮೆ. ಮೂಗಿನ ಪ್ಯಾಡ್ ಸರಿಮಾಡಿಸಿ ಕನ್ನಡಕ ಕಣ್ಣಿಗೆ ಹತ್ತಿರ ತಂದರೆ ತುಸು ವಾಸಿ. ಜೊತೆಗೆ ಕೆಳಗೆ ಕಣ್ಣಾಡಿಸಿ ಓದುವಾಗಿನ ತ್ರಾಸು. ಸೆಂಟರ್‌ನಿಂದ 1 ಸೆಂಟಿಮೀಟರ್ ಕೆಳಗೆ ನೋಡಿದರೆ ಎರಡು ಕಣ್ಣುಗಳ ನಡುವೆ 5 ಪ್ರಿಸಮ್ (ಗ್ಲಾಸ್ ನೋಟವನ್ನು ಎಷ್ಟು ಸರಿಸುತ್ತದೆ ಅನ್ನುವ ಅಳತೆ) ಫರಕು ಬರುತ್ತದೆ, ಸಾಲುಗಳು ಮೇಲೆ-ಕೆಳಗೆ ಜೋಡಿಯಾಗಿ ಕಾಣುತ್ತವೆ. ಕಣ್ಣು ಇಳಿಸುವ ಬದಲು ಗದ್ದ ಇಳಿಸಿ ಓದುವುದು ನನಗೆ ರೂಢಿಯಾಗಿದೆ.

ಈ ಎರಡಕ್ಕೂ ಉತ್ತರ ಕಾಂಟ್ಯಾಕ್ಟ್ ಲೆನ್ಸ್. ಅದು ಕಣ್ಣಿನ ಮೇಲೇ ಕೂರುವುದರಿಂದ ಕಣ್ಣಿನ ಗಾತ್ರ ಬದಲಾಗಿ ಕಾಣುವುದಿಲ್ಲ, ಕಣ್ಣು ತಿರುಗಿದಂತೆ ತಾನೂ ತಿರುಗುತ್ತದೆ. ಚೆಂದಕ್ಕೆ ಅದೇ ಮೊದಲನೆಯದು, ಅನುಮಾನವೇ ಇಲ್ಲ. ಆದರೆ ದಿನಾ ತೊಳೆಯುವ ಕೆಲಸ ಇದೆ, ಹಾಕಿಕೊಂಡು ಮಲಗುವಂತಿಲ್ಲ, ನಲ್ಲಿ ನೀರು ತಾಗಿಸುವಂತಿಲ್ಲ. ಬೇಸಿಗೆಯಲ್ಲಿ ಗೋವಾವೇಸ್ ಸರ್ಕಲ್ ದಾಟಿ ಬೈಕ್ ಮೇಲೆ ಬಂದರೆ ಧೂಳಿಗೆ ಕಣ್ಣು ಉರಿಯುತ್ತದೆ. ಹಾಗಾಗಿ ನಾನು ಮದುವೆ-ಮುಂಜಿಗೆ ಅದನ್ನು ಇಟ್ಟುಕೊಂಡು, ಉಳಿದ ದಿನಗಳಿಗೆ 46-20ರ ಫ್ರೇಮಿನ 1.60 ಜೋಡಿಯನ್ನೇ ಹಾಕುತ್ತೇನೆ.