25 ವಾಟ್ ಐರನ್, 936 ಸ್ಟೇಷನ್, ಟಿ12: ಮೇಜಿನ ಮೇಲೆ ಉಳಿದದ್ದು 936

ಮನೆಯ ಮೇಜಿಗೆ ಒಂದೇ ಸೋಲ್ಡರಿಂಗ್ ಐರನ್ ಸಾಕೆನ್ನುವವರಿಗೆ ನನ್ನ ಉತ್ತರ ಒಂದೇ: ಒಳಗೆ ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ 936 ಮಾದರಿಯ ಸ್ಟೇಷನ್, ಅಂದರೆ ಶಾಖವನ್ನು ಹಿಡಿತದಲ್ಲಿಡುವ ಪೆಟ್ಟಿಗೆ ಮತ್ತು ಅದಕ್ಕೆ ವೈರಿನಲ್ಲಿ ಕೂಡಿದ ಹ್ಯಾಂಡಲ್. ಸಾದಾ 25 ವಾಟ್ ಐರನ್, 936, ಟಿ12 ಎಂಬ ಕಡ್ಡಿ ಟಿಪ್ಪಿನ ಸ್ಟೇಷನ್, ಈ ಮೂರರಲ್ಲೂ ಮಾಡಿ ನೋಡಿದ್ದು ಒಂದೇ ಬಗೆಯ ಕೆಲಸ. ಆಂಪ್ಲಿಫೈಯರ್ ಬೋರ್ಡು, ಪವರ್ ಸಪ್ಲೈ, ಆಗೀಗ ಬೋರ್ಡಿನ ಮೇಲ್ಮೈಗೇ ಬೆಸೆಯುವ 0805 ಗಾತ್ರದ ಪುಟ್ಟ ಎಸ್‌ಎಂಡಿ. ಲೆಡ್ಡೂ (ಬೆಸುಗೆ ತಂತಿ) ಒಂದೇ, 0.8 ಮಿ.ಮೀ. ದಪ್ಪದ 60/40 ತವರ-ಸೀಸ.

ಸಾದಾ 25 ವಾಟ್ ಐರನ್‌ಗೆ ಶಾಖದ ಹಿಡಿತವೇ ಇಲ್ಲ. ಸ್ಟ್ಯಾಂಡಿನಲ್ಲಿ ಸುಮ್ಮನಿದ್ದಾಗ ಅತಿಯಾಗಿ ಕಾದು ಫ್ಲಕ್ಸ್ ಸುಟ್ಟು ಟಿಪ್ ಕಪ್ಪಾಗುತ್ತದೆ, ಆಮೇಲೆ ಲೆಡ್ ಹಿಡಿಯುವುದಿಲ್ಲ. ಅಗಲವಾದ ಗ್ರೌಂಡ್ ಪಟ್ಟಿಗೆ ತಾಗಿಸಿದರೆ ಅಷ್ಟೇ ಬೇಗ ತಣ್ಣಗಾಗುತ್ತದೆ. ಕರಗಲಿ ಎಂದು ಒತ್ತಿ ಹಿಡಿದಷ್ಟೂ ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ. ವೈರ್ ಸೇರಿಸಲು, ಸ್ಪೀಕರ್ ಟ್ಯಾಗ್‌ಗೆ ಧಾರಾಳ ಸಾಕು.

ಟಿ12 ಶಕ್ತಿಯಲ್ಲಿ ಎಲ್ಲಕ್ಕಿಂತ ಮುಂದು. ಹೀಟರ್, ಶಾಖ ಅಳೆಯುವ ಥರ್ಮೋಕಪಲ್, ಟಿಪ್ ಮೂರೂ ಒಂದೇ ಕಡ್ಡಿಯೊಳಗೆ. ಸುಮಾರು 8 ಓಮ್, 24 ವೋಲ್ಟ್ ಕೊಟ್ಟರೆ 72 ವಾಟ್. ಹತ್ತು ಹದಿನೈದು ಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಆದರೆ ಟಿಪ್ ಸವೆದರೆ ಹೀಟರನ್ನೂ ಸೇರಿಸಿ ಎಸೆಯಬೇಕು.

ಈ ಹೋಲಿಕೆ ನಿಜವಾಗಿ ತೀರ್ಮಾನವಾಗುವುದು ಅರ್ಥಿಂಗ್‌ನಲ್ಲಿ. ಅಗ್ಗದ ಸ್ಟೇಷನ್‌ಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಹಸಿರು ವೈರ್ ಪೆಟ್ಟಿಗೆಯ ಒಳಗೂ ಹೋಗಿರುತ್ತದೆ, ಟಿಪ್‌ವರೆಗೆ ಮಾತ್ರ ತಲುಪಿರುವುದಿಲ್ಲ. ಬಹುತೇಕ ಟಿ12 ಪೆಟ್ಟಿಗೆಗಳ ಒಳಗಿರುವುದು ಸ್ವಿಚಿಂಗ್ ಬಗೆಯ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಅದರ ಪ್ರೈಮರಿ (ಮೇನ್ಸ್ ಕಡೆ) ಮತ್ತು ಸೆಕೆಂಡರಿ (ಟಿಪ್ ಕಡೆ) ನಡುವೆ ಒಂದು ವೈ-ಕೆಪಾಸಿಟರ್ ಇರುತ್ತದೆ, ಸಾಮಾನ್ಯವಾಗಿ 1ರಿಂದ 2.2 ನ್ಯಾನೋಫ್ಯಾರಡ್. ಅರ್ಥ್ ತಪ್ಪಿದರೆ ಅದರ ಮೂಲಕ ಮೇನ್ಸ್‌ನ ಅರ್ಧದಷ್ಟು, ಅಂದರೆ 100 ವೋಲ್ಟ್ ಸುಮಾರಿನ ಎಸಿ, ಟಿಪ್ ಮೇಲೆ ತೇಲುತ್ತಿರುತ್ತದೆ. ಕರೆಂಟ್ ಮೈಕ್ರೋಆಂಪ್‌ಗಳಷ್ಟೇ, ಕೈಗೆ ಜುಮ್ ಎನ್ನಬಹುದು. ಆದರೆ ಐಆರ್‌ಎಫ್540ರಂಥ ಮಾಸ್‌ಫೆಟ್‌ನ ಗೇಟ್ (ಆ ಟ್ರಾನ್ಸಿಸ್ಟರನ್ನು ನಡೆಸುವ ಪಿನ್) ತಡೆಯುವುದು 20 ವೋಲ್ಟ್ ಮಾತ್ರ. ಹೊಸ ಮಾಸ್‌ಫೆಟ್ ಬೆಸೆದ ಗಳಿಗೆಯಲ್ಲೇ ಸತ್ತರೆ ಮೊದಲ ಅನುಮಾನ ಐರನ್ ಮೇಲೆ ಇರಲಿ. ಎರಡು ಪಿನ್ನಿನ ಚಾರ್ಜರ್‌ನಿಂದ ನಡೆಯುವ ಯುಎಸ್‌ಬಿ-ಸಿ ಐರನ್‌ಗಳಿಗೂ ಇದೇ ಕಾಟ.

936ರ ಸಾದಾ ಟ್ರಾನ್ಸ್‌ಫಾರ್ಮರಿನಲ್ಲಿ ಅಂಥ ಕೆಪಾಸಿಟರ್ ಇಲ್ಲ, ಸೋರಿಕೆ ತೀರಾ ಕಡಿಮೆ. ಹಾಗೆಂದು ನಂಬಿ ಕೂರುವಂತಿಲ್ಲ. ನಾನು ಕೊಂಡದ್ದರಲ್ಲೂ ಅರ್ಥ್ ಇರಲಿಲ್ಲ. ಪರೀಕ್ಷೆ ಹೀಗೆ: ಪ್ಲಗ್ ಕಿತ್ತು, ಟಿಪ್ ತಣ್ಣಗಾದ ಮೇಲೆ ಮಲ್ಟಿಮೀಟರನ್ನು 200 ಓಮ್‌ಗೆ ಇಡಿ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬಂದ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಒಂದನ್ನು ಪ್ಲಗ್‌ನ ದಪ್ಪ ಪಿನ್ನಿಗೆ, ಇನ್ನೊಂದನ್ನು ಟಿಪ್‌ನಲ್ಲಿ ಲೆಡ್ ಹಿಡಿದಿರುವ ಜಾಗಕ್ಕೆ ಒತ್ತಿ. ಬರೆದಿಟ್ಟದ್ದನ್ನು ಕಳೆದು 2 ಓಮ್‌ನ ಒಳಗಿರಬೇಕು. ಕಪ್ಪು ಕಟ್ಟಿದ ಜಾಗದಲ್ಲಿ ಅಳೆದರೆ ಸುಳ್ಳು ಸಂಖ್ಯೆ ಬರುತ್ತದೆ.

ಇಲ್ಲದಿದ್ದರೆ ಪೆಟ್ಟಿಗೆ ಬಿಚ್ಚಿ. ನನ್ನದರಲ್ಲಿ ಹಸಿರು ವೈರನ್ನು ಬಣ್ಣ ಬಳಿದ ತಗಡಿನ ಮೇಲೇ ಬೋಲ್ಟ್ ಮಾಡಿದ್ದರು. ಬಣ್ಣ ಕೆರೆದು, ರಿಂಗ್ ಲಗ್ ಜೊತೆ ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿದೆ. ಅದೇ ಬೋಲ್ಟಿನಿಂದ ಹ್ಯಾಂಡಲ್ ಸಾಕೆಟ್‌ನ ಅರ್ಥ್ ಪಿನ್ನಿಗೆ ಇನ್ನೊಂದು ವೈರ್. ಐದು ಪಿನ್ನುಗಳಲ್ಲಿ ಅದು ಯಾವುದೆಂದು ತಿಳಿಯಲು ಹ್ಯಾಂಡಲ್ ಕಳಚಿ, ಟಿಪ್‌ನಿಂದ ಒಂದೊಂದು ಪಿನ್ನಿಗೂ ಕಂಟಿನ್ಯುಟಿ ನೋಡಿ. ಬೀಪ್ ಬರುವುದೇ ಅದು. ಅಲ್ಲೇ ಹೀಟರನ್ನೂ ಅಳೆದುಬಿಡಿ. ಅದು ಎ1321 ಮಾದರಿಯ ಸೆರಾಮಿಕ್ ಹೀಟರ್ ಆಗಿದ್ದರೆ ತಣ್ಣಗಿದ್ದಾಗ ಒಂದು ಜೋಡಿಯಲ್ಲಿ 2.5ರಿಂದ 3.5 ಓಮ್, ಸೆನ್ಸರ್ ಜೋಡಿಯಲ್ಲಿ 43ರಿಂದ 58 ಓಮ್ ಬರಬೇಕು.

ಇಷ್ಟಾದರೂ ಗೋಡೆಯ ಸಾಕೆಟ್‌ನಲ್ಲೇ ಅರ್ಥ್ ಸತ್ತಿದ್ದರೆ ಶ್ರಮ ವ್ಯರ್ಥ. ಫೇಸ್‌ನಿಂದ ಅರ್ಥ್‌ಗೆ 230 ವೋಲ್ಟ್ ಸುಮಾರು (ಮೀಟರನ್ನು ಮೊದಲು ಎಸಿ ವೋಲ್ಟ್‌ಗೆ ತಿರುಗಿಸಿ), ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್ ತೋರಿಸಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದರಲ್ಲೂ ನೋಡಿ. ಇನ್ನೊಂದು ಎಚ್ಚರ: ಟಿಪ್‌ಗೆ ಅರ್ಥ್ ಸಿಕ್ಕ ಮೇಲೆ ಮೇನ್ಸ್‌ನಲ್ಲಿರುವ ಬೋರ್ಡಿಗೆ ಅದನ್ನು ಎಂದೂ ತಾಗಿಸಬೇಡಿ, ನೇರ ಶಾರ್ಟ್ ಆಗುತ್ತದೆ.

936ರ ಜೊತೆ ಬರುವ ಸೂಜಿಮೊನೆ ಟಿಪ್ ಎತ್ತಿಟ್ಟು 900ಎಂ ಸರಣಿಯ ಚಪ್ಪಟೆ ಮೊನೆಯ 2.4ಡಿ ಹಾಕಿ. 60/40ಕ್ಕೆ 330 ಡಿಗ್ರಿ ಸಾಕು. ಟಿಪ್ ಹಿಡಿಯುವ ನಟ್ಟನ್ನು ಕೈಬೆರಳಿನಲ್ಲಿ ತಿರುಗಿಸಿದರೆ ಸಾಕು, ಇಕ್ಕಳದಲ್ಲಿ ಬಿಗಿದರೆ ಸೆರಾಮಿಕ್ ಸೀಳುತ್ತದೆ.

ಸಂಜೆ ಒಮ್ಮೆ ಆನ್ ಮಾಡಿ ಎರಡು ಗಂಟೆ ಕೂರುವುದು ನನ್ನ ಅಭ್ಯಾಸ, ಹಾಗಾಗಿ 936 ಕಾಯಲು ಹಿಡಿಯುವ ಒಂದು ನಿಮಿಷ ನನಗೆ ದೊಡ್ಡದಲ್ಲ. ಹೀಟರ್ ಬೇರೆ, ಟಿಪ್ ಬೇರೆ. ಎರಡೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುತ್ತವೆ. ದಿನವಿಡೀ ಲ್ಯಾಪ್‌ಟಾಪ್ ಮದರ್‌ಬೋರ್ಡ್ ಬಿಚ್ಚುವವರು ಟಿ12ಕ್ಕೇ ಹೋಗಲಿ, ಅರ್ಥ್ ಅಳೆದು ನೋಡಿದ ಮೇಲೆ.