‘ಟಾಯ್ ಸ್ಟೋರಿ 3’: ಒಪ್ಪಿಸಿಕೊಡುವ ಹೊತ್ತಿನ ಚಿತ್ರ

ಮಗಳು ಎಂಜಿನಿಯರಿಂಗ್ ಓದಲು ಸುರತ್ಕಲ್‌ಗೆ ಹೊರಡುವ ಹಿಂದಿನ ರಾತ್ರಿ, ಜಯನಗರದ ನಮ್ಮ ಮನೆಯ ಹಜಾರದಲ್ಲಿ ಕಟ್ಟಿಟ್ಟ ಸೂಟ್‌ಕೇಸು, ಹಾಸಿಗೆ ಸುರುಳಿ, ಚಟ್ನಿಪುಡಿಯ ಡಬ್ಬಿಗಳ ನಡುವೆಯೇ ಕುಳಿತು ನಾವು ಮೂವರೂ ‘ಟಾಯ್ ಸ್ಟೋರಿ 3’ ನೋಡಿದೆವು. 2010ರಲ್ಲಿ ಇದು ತೆರೆಕಂಡಾಗ ಅವಳಿಗೆ ನಾಲ್ಕು ವರ್ಷ. ಅಂದು ಅವಳನ್ನು ನಗಿಸಿದ ದೃಶ್ಯಗಳಷ್ಟೇ ನನ್ನ ನೆನಪಿನಲ್ಲಿ ಉಳಿದಿದ್ದವು. ಹಾಗಾಗಿ ಮೊದಲ ಹತ್ತು ನಿಮಿಷದಲ್ಲೇ ಗಂಟಲು ಕಟ್ಟೀತೆಂದು ನಾನು ಎಣಿಸಿರಲಿಲ್ಲ.

ಪಿಕ್ಸಾರ್ ಸಂಸ್ಥೆಗಾಗಿ ಲೀ ಅಂಕ್ರಿಚ್ ನಿರ್ದೇಶಿಸಿದ, ಜೀವವಿರುವ ಆಟಿಕೆಗಳ ಕಥೆ ಹೇಳುವ, 103 ನಿಮಿಷಗಳ ಈ ಅನಿಮೇಷನ್ ಚಿತ್ರದಲ್ಲಿ ಅವುಗಳ ಒಡೆಯ ಆಂಡಿಗೆ ಹದಿನೇಳು ವರ್ಷ. ಅವನು ಕಾಲೇಜಿಗೆ ಹೊರಟಿದ್ದಾನೆ. ಕೌಬಾಯ್ ಬೊಂಬೆ ವುಡಿಯನ್ನು ತನ್ನೊಂದಿಗೆ ಒಯ್ಯಲೆಂದು ಎತ್ತಿಟ್ಟುಕೊಂಡು, ಉಳಿದ ಆಟಿಕೆಗಳನ್ನು ಅಟ್ಟಕ್ಕೆ ಸೇರಿಸಲು ಚೀಲದಲ್ಲಿ ತುಂಬುತ್ತಾನೆ. ತಾಯಿ ಆ ಚೀಲವನ್ನು ಕಸವೆಂದು ಭಾವಿಸುತ್ತಾಳೆ; ಆಟಿಕೆಗಳು ಕೊನೆಗೆ ಒಂದು ಶಿಶುವಿಹಾರ ಸೇರುತ್ತವೆ. 1995ರ ಮೊದಲ ಚಿತ್ರದಲ್ಲಿ ಪುಟ್ಟ ಆಂಡಿಗೆ ದನಿ ಕೊಟ್ಟ ಜಾನ್ ಮಾರಿಸ್ ಅವರೇ ಇಲ್ಲಿ ದೊಡ್ಡವನಾದ ಆಂಡಿಗೂ ದನಿಯಾಗಿದ್ದಾರೆ. ಪಾತ್ರದ ಜೊತೆಗೇ ಬೆಳೆದ ಆ ಗಂಡುದನಿಯನ್ನು ಕೇಳುವಾಗ, ನಡುವೆ ಕಳೆದ ಹದಿನೈದು ವರ್ಷಗಳು ಕಿವಿಗೇ ತಾಗುತ್ತವೆ.

ಬೆಳೆದು ಹೊರಟವನಿಗಿಂತ ಹಿಂದೆ ಉಳಿಯುವವರ ಕಡೆ ನಿಂತು ಕಥೆ ಹೇಳಿರುವುದೇ ಈ ಚಿತ್ರದ ಹಿರಿಮೆ. ಖಾಲಿಯಾದ ಕೋಣೆಗೆ ಕಾಲಿಟ್ಟ ಆಂಡಿಯ ತಾಯಿ ಬೋಳು ಗೋಡೆಗಳನ್ನು ಕಂಡು ಉಸಿರು ಹಿಡಿಯುತ್ತಾಳೆ. ಸದಾ ನಿನ್ನ ಜೊತೆಯಲ್ಲೇ ಇರುವಂತಿದ್ದರೆ ಎಂದು ಮಗನನ್ನು ತಬ್ಬುತ್ತಾಳೆ. ಇದನ್ನೆಲ್ಲ ಪೆಟ್ಟಿಗೆಯೊಳಗಿಂದ ನೋಡುವ ವುಡಿ, ಆಂಡಿಯ ಜೊತೆ ಹೋಗುವ ಅವಕಾಶವನ್ನು ಬಿಟ್ಟು ಗೆಳೆಯರಿರುವ ಪೆಟ್ಟಿಗೆಗೆ ಸೇರಿಕೊಳ್ಳುವುದು ಆಮೇಲೆಯೇ. ಬಿಟ್ಟುಕೊಡುವುದನ್ನು ಆ ಬೊಂಬೆ ತಾಯಿಯಿಂದ ಕಲಿಯಿತೆಂದು ನನಗೆ ತೋರಿತು. ಒಬ್ಬ ಹುಡುಗಿಯಿಂದ ದೂರವಾದ ನೋವನ್ನೇ ಹಗೆಯಾಗಿಸಿಕೊಂಡ, ಶಿಶುವಿಹಾರದ ಕರಡಿ ಲಾಟ್ಸೊ, ಅದನ್ನು ಕಲಿಯದೆ ಹೋದ ಬೊಂಬೆ.

ಶಿಶುವಿಹಾರದಿಂದ ತಪ್ಪಿಸಿಕೊಳ್ಳುವ ನಡುಭಾಗ ಅಗತ್ಯಕ್ಕಿಂತ ಉದ್ದವಾಗಿದೆ. ಕಸ ಸುಡುವ ಕುಲುಮೆಯೆದುರು ಆಟಿಕೆಗಳು ಕೈ ಕೈ ಹಿಡಿದುಕೊಳ್ಳುವ ದೃಶ್ಯವಂತೂ ತೀರಾ ಚಿಕ್ಕ ಮಕ್ಕಳನ್ನು ಹೆದರಿಸುತ್ತದೆ; ಐದಾರು ವರ್ಷದೊಳಗಿನವರನ್ನು ಒಂಟಿಯಾಗಿ ಕೂರಿಸಿ ತೋರಿಸಬೇಡಿ.

ಕೊನೆಯಲ್ಲಿ ಆಂಡಿ ಬಾನಿ ಎಂಬ ಪುಟ್ಟ ಹುಡುಗಿಗೆ ತನ್ನ ಆಟಿಕೆಗಳನ್ನು ಕೊಡುವಾಗ, ಪೆಟ್ಟಿಗೆಯನ್ನು ಸುಮ್ಮನೆ ಅವಳ ಮುಂದಿಟ್ಟು ಹೊರಡುವುದಿಲ್ಲ; ಒಂದೊಂದನ್ನೂ ಹೊರತೆಗೆದು, ಅದರ ಹೆಸರು, ಸ್ವಭಾವ, ಧೈರ್ಯಗಳನ್ನು ಹೇಳಿ ಕೈಗಿಡುತ್ತಾನೆ. ನಮ್ಮ ಮದುವೆಮನೆಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಮಗಳ ಗುಣ ಹೇಳುವುದು ನನಗೆ ನೆನಪಾಯಿತು. ಪೆಟ್ಟಿಗೆಯ ತಳದಲ್ಲಿ ವುಡಿಯನ್ನು ಕಂಡ ಬಾನಿ ಕೈ ಚಾಚಿದಾಗ, ಆಂಡಿ ತನಗರಿವಿಲ್ಲದೆಯೇ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಆ ಚಲನೆಯಲ್ಲಿರುವ ಸತ್ಯ ಎಷ್ಟೋ ಪುಟಗಳ ಸಂಭಾಷಣೆಗೆ ದಕ್ಕದು. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡದ್ದೂ ಅಲ್ಲಿಯೇ.

ಚಿತ್ರ ಮುಗಿದ ಮೇಲೆ ಮಗಳು ಸ್ಟೂಲು ಹತ್ತಿ, ಅಟ್ಟದಿಂದ ತನ್ನ ಚನ್ನಪಟ್ಟಣದ ಕುದುರೆಯನ್ನು ಇಳಿಸಿದಳು. ಅರಗಿನ ಕೆಂಪು ಬಣ್ಣಕ್ಕೆ ಧೂಳು ಹಿಡಿದಿತ್ತಾದರೂ ಅಂಗೈಯಲ್ಲಿ ಉಜ್ಜಿದೊಡನೆ ಹೊಳಪು ಮರಳಿತು. ಕೆಳಗಿನ ಮನೆಯ ಮಗುವಿಗೆ ಕೊಟ್ಟುಬಿಡೋಣವೇ ಎಂದು ಕೇಳಿದೆ. ಅವಳು ಕುದುರೆಯನ್ನು ಮಡಿಲಿಗೆ ಎಳೆದುಕೊಂಡು, “ಈಗ್ಲೇ ಬೇಡಮ್ಮ. ದಸರಾ ರಜಕ್ಕೆ ಬಂದಾಗ ನಾನೇ ಕೊಡ್ತೀನಿ. ಒಂದು ಚಕ್ರ ಬಿಗಿ ಇದೆ, ನಿಧಾನಕ್ಕೆ ಎಳೀಬೇಕು ಅಂತ ಅವಳಿಗೆ ಹೇಳ್ಬೇಕು” ಎಂದಳು.