ಒಂದೇ ಮದುವೆ, ಎರಡು ಸರತಿ: ಅಮೆರಿಕದ ವಿವಾಹಾಧಾರಿತ ಗ್ರೀನ್ ಕಾರ್ಡ್ ಸೇವೆಯ ವಿಮರ್ಶೆ

ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ, ಎಲ್ಲರ ಬಾಯಲ್ಲಿ ಯುಎಸ್‌ಸಿಐಎಸ್, ತನ್ನ ವೆಚ್ಚದ ಬಹುಪಾಲನ್ನು ತೆರಿಗೆಯ ಹಣದಿಂದಲ್ಲ, ಅರ್ಜಿದಾರರು ಕಟ್ಟುವ ಶುಲ್ಕದಿಂದಲೇ ಭರಿಸುತ್ತದೆ. ಆದ್ದರಿಂದ ಅದು ಕೊಡುವ ಶಾಶ್ವತ ನಿವಾಸದ ಗ್ರೀನ್ ಕಾರ್ಡನ್ನು ಅನುಗ್ರಹವೆಂದು ಕಾಣದೆ, ಹಣ ಪಡೆದು ನೀಡುವ ಸೇವೆಯೆಂದು ಭಾವಿಸಿ ಅದರ ವೇಗವನ್ನೂ ನ್ಯಾಯವನ್ನೂ ಪರಿಶೀಲಿಸುವುದು ತಪ್ಪಲ್ಲ. ಇಲ್ಲಿ ನಾನು ಹೇಳುವ ದೋಷಗಳಲ್ಲಿ ಕೆಲವು ಆಡಳಿತದವು, ಹೆಚ್ಚಿನವು ಅಮೆರಿಕದ ಸಂಸತ್ತು ಬರೆದ ಕಾನೂನಿನವು. ಕಾಯುವ ದಂಪತಿಗೆ ಮಾತ್ರ ಇವೆರಡರ ನಡುವೆ ವ್ಯತ್ಯಾಸವೇನೂ ಕಾಣಿಸುವುದಿಲ್ಲ.

ಮೊದಲು ಖರ್ಚಿನ ಮಾತು. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರಪಟ್ಟಿಯಂತೆ, ಅಮೆರಿಕದೊಳಗೇ ಇದ್ದು ಅರ್ಜಿ ಹಾಕುವವರು ವಿವಾಹ ಸಂಬಂಧವನ್ನು ಸಾಬೀತುಪಡಿಸುವ ಐ-130 ಅರ್ಜಿಯನ್ನು ಕಾಗದದಲ್ಲಿ ಸಲ್ಲಿಸಿದರೆ 675 ಡಾಲರ್, ನಿವಾಸದ ಹಕ್ಕು ಕೇಳುವ ಐ-485ಕ್ಕೆ 1,440 ಡಾಲರ್ ಕಟ್ಟಬೇಕು. ಕೆಲಸದ ಪರವಾನಗಿಯೂ ಹೊರದೇಶಕ್ಕೆ ಹೋಗಿ ಮರಳುವ ಅನುಮತಿಯೂ ಹಿಂದೆ ಐ-485ರ ಶುಲ್ಕದಲ್ಲೇ ಅಡಕವಾಗಿದ್ದವು. ಈಗ ಮೊದಲನೆಯದಕ್ಕೆ 260, ಎರಡನೆಯದಕ್ಕೆ 630 ಡಾಲರ್ ಬೇರೆಯಾಗಿ ತೆರಬೇಕು. ಹೀಗೆ 1,760 ಡಾಲರ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 3,005 ಡಾಲರ್ ಆಯಿತು, ವೈದ್ಯಕೀಯ ತಪಾಸಣೆಯ ಖರ್ಚು ಇದರಲ್ಲಿ ಸೇರಿಲ್ಲ. ಈ ಏರಿಕೆಗಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ತರ್ಕ. ತೀರ್ಮಾನ ಬೇಗ ಬಂದರೆ ಈ ಎರಡು ಪರವಾನಗಿಗಳ ಅಗತ್ಯವೇ ಬೀಳುವುದಿಲ್ಲ. ತಡವಾಗುವುದರಿಂದಲೇ ಅವು ಬೇಕಾಗುತ್ತವೆ. ಅಂದರೆ ವಿಳಂಬದ ಬೆಲೆಯನ್ನು ಕಾಯುತ್ತಿರುವವರಿಂದಲೇ ವಸೂಲು ಮಾಡಿದಂತಾಯಿತು.

ಅಮೆರಿಕದ ಪೌರರನ್ನು ಮದುವೆಯಾದವರಿಗೆ ಈ ಸೇವೆ ಒಟ್ಟಿನಲ್ಲಿ ಚೆನ್ನಾಗಿಯೇ ಇದೆ. ಅವರಿಗೆ ವಾರ್ಷಿಕ ಮಿತಿಯಿಲ್ಲ, ಹುಟ್ಟಿದ ದೇಶದ ಲೆಕ್ಕವಿಲ್ಲ. ಕಾನೂನುಬದ್ಧವಾಗಿ ದೇಶದೊಳಗೆ ಬಂದವರಾಗಿದ್ದರೆ, ವೀಸಾದ ಅವಧಿ ಮೀರಿ ಉಳಿದಿದ್ದರೂ ಸಾಮಾನ್ಯವಾಗಿ ಅದೇ ಕಾರಣಕ್ಕೆ ಇಲ್ಲಿಂದಲೇ ಅರ್ಜಿ ಹಾಕುವ ಹಕ್ಕು ತಪ್ಪುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ವಿಂಡ್ಸರ್ ಪ್ರಕರಣದ ತೀರ್ಪು ಕೊಟ್ಟ ಮೇಲೆ ಸಲಿಂಗ ದಂಪತಿಗಳಿಗೂ ಇದೇ ಹಾದಿ ತೆರೆಯಿತು. ಆದರೆ ಸಮಯದ ಬಗ್ಗೆ ಇಲಾಖೆ ಕೊಡುವ ಮಾಹಿತಿ ಸಾಲದು. ಜಾಲತಾಣದಲ್ಲಿ ಕಾಣುವ ಅವಧಿ ಸರಾಸರಿಯಲ್ಲ, ನೂರರಲ್ಲಿ 80 ಅರ್ಜಿಗಳು ಎಷ್ಟರೊಳಗೆ ಮುಗಿದವು ಎಂಬ ಲೆಕ್ಕ. ಉಳಿದ 20ರ ಗತಿಯೇನು ಎಂಬುದನ್ನು ಅದು ಹೇಳುವುದಿಲ್ಲ, ಆ 20ರಲ್ಲಿ ನಾವೂ ಒಬ್ಬರೇ ಎಂದು ತಿಳಿಯುವ ದಾರಿಯೂ ಇಲ್ಲ. ಸಾಮಾನ್ಯ ಅವಧಿ ಮೀರುವವರೆಗೆ ವಿಳಂಬದ ವಿಚಾರಣೆಯನ್ನೇ ಸ್ವೀಕರಿಸದ ವ್ಯವಸ್ಥೆಯಲ್ಲಿ, ಕಡತ ಎಲ್ಲಿ ನಿಂತಿದೆ ಎಂದು ತಿಳಿಯದೆ ತಿಂಗಳುಗಳನ್ನು ಕಳೆಯಬೇಕಾಗುತ್ತದೆ. ಕೊನೆಗೆ ಫೆಡರಲ್ ನ್ಯಾಯಾಲಯದಲ್ಲಿ ಮ್ಯಾಂಡಮಸ್ (ಇಲಾಖೆ ತನ್ನ ಕರ್ತವ್ಯ ಮಾಡುವಂತೆ ಆದೇಶ ಕೋರುವ) ದಾವೆ ಹೂಡಿ ತೀರ್ಮಾನ ಕೇಳುವ ಅವಕಾಶವಿದೆ, ಆದರೆ ವಕೀಲರಿಗೆ ಹಣ ತೆರಬಲ್ಲವರಿಗೆ ಮಾತ್ರ ಅದು ಅವಕಾಶ.

ಇನ್ನು ಗ್ರೀನ್ ಕಾರ್ಡ್‌ದಾರರನ್ನು ಮದುವೆಯಾದವರ ಸರತಿ. ಈ ವಿಮರ್ಶೆ ಬರೆಯಲು ನನಗಿರುವ ಮುಖ್ಯ ಕಾರಣವೇ ಇದು. ಕಾನೂನು ಇವರನ್ನು ಎಫ್‌2ಎ ಎಂಬ ವರ್ಗದಲ್ಲಿ ಇಟ್ಟು ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಿದೆ. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ತಮ್ಮ ಪ್ರಯಾರಿಟಿ ಡೇಟ್, ಅಂದರೆ ಅರ್ಜಿ ಸಲ್ಲಿಕೆಯಾದ ದಿನಾಂಕ, ಬರುವವರೆಗೆ ಅವರು ಕಾಯಬೇಕು. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಈ ವರ್ಗ ಕರೆಂಟ್ ಆಗಿತ್ತು, ಅಂದರೆ ಸರತಿಯೇ ಇರಲಿಲ್ಲ. 2023ರ ಏಪ್ರಿಲ್‌ನ ಬುಲೆಟಿನ್ ಸರದಿ ಬಂದ ಅರ್ಜಿಗಳ ದಿನಾಂಕವನ್ನು ಒಮ್ಮೆಲೇ 2020ಕ್ಕೆ ಹಿಂದೆ ತಳ್ಳಿತು. ಮದುವೆಯ ಸಾಚಾತನದಲ್ಲಿ, ದಾಖಲೆಗಳ ಗುಣಮಟ್ಟದಲ್ಲಿ ಏನೂ ವ್ಯತ್ಯಾಸವಿಲ್ಲದ ಎರಡು ಜೋಡಿಗಳಲ್ಲಿ ಒಂದಕ್ಕೆ ಸರತಿಯೇ ಇಲ್ಲದೆ, ಇನ್ನೊಂದಕ್ಕೆ ವರ್ಷಗಳ ಕಾಯುವಿಕೆಯಾಗಿ ಪರಿಣಮಿಸಿದ್ದು ಕೇವಲ ಅರ್ಜಿಯ ದಿನಾಂಕದಿಂದ.

ಭಾರತೀಯರಿಗೆ ಒಂದು ಸಮಾಧಾನವುಂಟು: ಈ ವರ್ಗದ ಮುಕ್ಕಾಲು ಪಾಲು ವೀಸಾಗಳಿಗೆ ದೇಶವಾರು ಮಿತಿ ಅನ್ವಯಿಸುವುದಿಲ್ಲವಾದ್ದರಿಂದ, ಉದ್ಯೋಗಾಧಾರಿತ ಸರತಿಯಲ್ಲಿರುವಂಥ ಹೆಚ್ಚಿನ ಹಿನ್ನಡೆ ಇಲ್ಲಿಲ್ಲ. ಆದರೆ ನಮ್ಮವರನ್ನು ಹೆಚ್ಚಾಗಿ ಕೆಣಕುವ ವಿಪರ್ಯಾಸ ಬೇರೊಂದಿದೆ. ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಇರುವ ಹುಡುಗ ಊರಿಗೆ ಹೋಗಿ ಮದುವೆಯಾದರೆ ಹೆಂಡತಿಯನ್ನು ಎಚ್‌-4 ಎಂಬ ಅವಲಂಬಿತರ ವೀಸಾದಲ್ಲಿ ಬೇಗ ಕರೆತರಬಹುದು. ಅದೇ ಹುಡುಗನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾದರೆ ಎಚ್‌-4ರ ಬಾಗಿಲು ಮುಚ್ಚಿರುತ್ತದೆ. ನೆಲೆಸುವ ಉದ್ದೇಶ ಅರ್ಜಿಯಲ್ಲೇ ಎದ್ದು ಕಾಣುವುದರಿಂದ ಪ್ರವಾಸಿ ವೀಸಾ ಸಿಗುವ ಭರವಸೆಯೂ ತೀರಾ ಕಡಿಮೆ. ತಾತ್ಕಾಲಿಕ ನೌಕರನಿಗೆ ಸಿಗುವ ಸಂಸಾರಸುಖ ಶಾಶ್ವತ ನಿವಾಸಿಗೆ ಸಿಗದಿರುವುದಕ್ಕೆ ಯಾವ ಸಮರ್ಥನೆಯನ್ನೂ ನಾನು ಈವರೆಗೆ ಕೇಳಿಲ್ಲ.

ಇಲ್ಲಿ ದಿನಾಂಕದ ಮಹತ್ವ ಎಷ್ಟೆಂದರೆ, ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಮಂಜೂರಾಗುವ ಹಿಂದಿನ ದಿನ ಮದುವೆಯಾದವರ ಹೆಂಡತಿ ಗಂಡನ ಪ್ರಯಾರಿಟಿ ಡೇಟನ್ನೇ ಹಂಚಿಕೊಂಡು ಅವನ ಹಿಂದೆಯೇ ಬರಬಹುದು, ಮಾರನೆಯ ದಿನ ಮದುವೆಯಾದವರ ಹೆಂಡತಿ ಹೊಸದಾಗಿ ಎಫ್‌2ಎ ಸರತಿಯ ಕೊನೆಯಲ್ಲಿ ನಿಲ್ಲಬೇಕು. ಗ್ರೀನ್ ಕಾರ್ಡ್ ಹತ್ತಿರವಿರುವವರ ಮನೆಯಲ್ಲಿ ಮದುವೆಯ ಮಾತುಕತೆ ನಡೆಯುತ್ತಿದ್ದರೆ, ಮುಹೂರ್ತ ನಿಗದಿಪಡಿಸುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕಾಣಲೇಬೇಕು ಎಂದು ಒತ್ತಿ ಹೇಳುತ್ತೇನೆ.

ಸಂದರ್ಶನದ ಬಗ್ಗೆ ನನಗೆ ಗೌರವವೂ ಇದೆ, ಒಂದು ಆಕ್ಷೇಪವೂ ಇದೆ. ಬಂಧುಗಳೊಬ್ಬರ ಸಂದರ್ಶನಕ್ಕೆ ದುಭಾಷಿಯಾಗಿ ಹೋಗಿದ್ದಾಗ, ಅಧಿಕಾರಿ ಮೊದಲು ನಮ್ಮೆಲ್ಲರಿಂದ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಅವರ ಧ್ವನಿಯಲ್ಲಿ ಗದರಿಕೆಯಿರಲಿಲ್ಲ, ಅವಸರವೂ ಇರಲಿಲ್ಲ. ಮದುವೆಯ ದಪ್ಪ ಆಲ್ಬಮ್‌ನ ನಾಲ್ಕಾರು ಪುಟ ತಿರುವಿ ಬದಿಗಿಟ್ಟವರು, ಕಾರಿನ ವಿಮೆಯಲ್ಲಿ ಇಬ್ಬರ ಹೆಸರೂ ಒಂದೇ ವಿಳಾಸದಡಿ ಇರುವುದನ್ನು ಬೆರಳಿಟ್ಟು ಓದಿದರು. ಜಂಟಿ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಬಾಡಿಗೆ, ದಿನಸಿ, ಔಷಧದಂಗಡಿಯ ಖರ್ಚು ತಿಂಗಳು ತಿಂಗಳೂ ಹೋಗಿರುವುದನ್ನು ಪೆನ್ಸಿಲ್‌ನಿಂದ ಗುರುತಿಸಿಕೊಂಡರು. ದಿನನಿತ್ಯದ ಸಂಸಾರ ಆ ಹಾಳೆಗಳಲ್ಲೇ ಹೆಚ್ಚು ಕಾಣುತ್ತದೆ ಎಂಬುದು ನಿಜ. ಆದರೆ ಸಂಬಳವೂ ಸ್ವಂತ ಬಾಡಿಗೆ ಮನೆಯೂ ಇರುವವರಿಗೆ ಸುಲಭವಾಗಿ ದೊರೆಯುವ ಕಾಗದಗಳು ಅವು. ಅತ್ತೆ-ಮಾವನ ಮನೆಯಲ್ಲಿರುವ ಸೊಸೆಯ ಹೆಸರು ಬಾಡಿಗೆ ಕರಾರಿನಲ್ಲಿ ಇರುವುದಿಲ್ಲ, ಕರೆಂಟ್ ಬಿಲ್ಲಿನಲ್ಲೂ ಇರುವುದಿಲ್ಲ. ಅಂಥವರು ಪರಿಚಿತರಿಂದ ಪ್ರಮಾಣಪತ್ರಗಳನ್ನು ಬರೆಸಿಕೊಳ್ಳುವುದನ್ನೂ, ವಿಮೆಗೆ ಪರಸ್ಪರ ನಾಮಿನಿ ಮಾಡಿಕೊಳ್ಳುವುದನ್ನೂ ಮೊದಲಿನಿಂದಲೇ ರೂಢಿಸಿಕೊಳ್ಳಬೇಕು.

ಮಂಜೂರಾತಿಯ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡ್. 1986ರ ವಿವಾಹ ವಂಚನೆ ತಡೆ ತಿದ್ದುಪಡಿಗಳು ತಂದ ನಿಯಮವಿದು. ಅದು ಮುಗಿಯುವ ಮೊದಲಿನ 90 ದಿನಗಳಲ್ಲಿ ಷರತ್ತು ತೆಗೆಯಲು ಕೋರುವ ಐ-751 ಅರ್ಜಿ ಸಲ್ಲಿಸಿ, 750 ಡಾಲರ್ ಕಟ್ಟಿ, ಸಂಸಾರದ ಪುರಾವೆಯನ್ನು ಮತ್ತೊಮ್ಮೆ ಒಪ್ಪಿಸಬೇಕು. ಕಡತ ನಿಧಾನವಾಗಿ ಸಾಗಿ ಎರಡು ವರ್ಷ ದಾಟಿದವರಿಗಾದರೋ ನೇರವಾಗಿ ಹತ್ತು ವರ್ಷದ ಕಾರ್ಡ್ ಕೈಸೇರುತ್ತದೆ. ಬೇಗ ಮಂಜೂರಾದವರಿಗೆ ಎರಡನೆಯ ಪರೀಕ್ಷೆ, ತಡವಾದವರಿಗೆ ವಿನಾಯಿತಿ! ಐ-751 ಇತ್ಯರ್ಥವಾಗಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ, 2023ರಿಂದ ಇಲಾಖೆ ರಸೀದಿಯಲ್ಲೇ ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸಿ ಕೊಡುತ್ತಿರುವುದೇ ಸಾಕ್ಷಿ. ಹೊಡೆತ, ಬೆದರಿಕೆಗಳನ್ನು ಸಹಿಸುತ್ತಿರುವ ಹೆಂಗಸು ಗಂಡನ ಸಹಿಯಿಲ್ಲದೆಯೂ ಈ ಅರ್ಜಿ ಹಾಕಬಹುದು ಎಂಬುದು ಎಲ್ಲ ಮನೆಗಳಿಗೂ ತಲುಪಬೇಕಾದ ಮಾಹಿತಿ. ಕೆನಡಾ ಇಂಥದೇ ಷರತ್ತನ್ನು 2012ರಲ್ಲಿ ತಂದು, ದೌರ್ಜನ್ಯಕ್ಕೆ ಒಳಗಾದವರು ಅದರಿಂದಾಗಿ ಸಂಬಂಧದಲ್ಲೇ ಸಿಕ್ಕಿಬೀಳುತ್ತಾರೆ ಎಂಬ ಕಾಳಜಿಯಿಂದ 2017ರಲ್ಲಿ ಕೈಬಿಟ್ಟಿತು.

ಸಂಗಾತಿ ಹೊರದೇಶದಲ್ಲಿದ್ದು ಕಾನ್ಸುಲೇಟ್ ವೀಸಾ ನಿರಾಕರಿಸಿದರೆ ಪರಿಹಾರ ಇನ್ನೂ ದೂರ. 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪೌರರ ಮೂಲಭೂತ ಹಕ್ಕಲ್ಲ ಎಂದು ತೀರ್ಪು ನೀಡಿತು. ಆ ಮೇಲೆ ನ್ಯಾಯಾಲಯದ ಬಾಗಿಲು ಬಹುಪಾಲು ಮುಚ್ಚಿದಂತೆಯೇ.

ಐದರಲ್ಲಿ ಅಂಕ ಕೊಡಬೇಕೆಂದರೆ, ಪೌರರ ಸಂಗಾತಿಗಳಿಗೆ ಸಿಗುವ ಸೇವೆಗೆ ಮೂರೂವರೆ ಕೊಡುತ್ತೇನೆ, ಗ್ರೀನ್ ಕಾರ್ಡ್‌ದಾರರ ಸಂಗಾತಿಗಳಿಗೆ ಸಿಗುವುದಕ್ಕೆ ಒಂದೂವರೆಗಿಂತ ಹೆಚ್ಚು ಕೊಡಲಾರೆ. ಇದನ್ನು ಸರಿಪಡಿಸಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. 2000ದ ಡಿಸೆಂಬರ್‌ನಲ್ಲಿ ಲೈಫ್ ಕಾಯ್ದೆ ವಿ ಎಂಬ ವೀಸಾವನ್ನು ಸೃಷ್ಟಿಸಿ, ಇದೇ ಸರತಿಯಲ್ಲಿ ಮೂರು ವರ್ಷ ಕಾದವರು ಅಮೆರಿಕಕ್ಕೆ ಬಂದು ಸಂಗಾತಿಯ ಜೊತೆ ಇದ್ದು, ದುಡಿಯುತ್ತಲೇ ಉಳಿದ ಕಾಲವನ್ನು ಕಾಯಲು ಅನುಮತಿ ಕೊಟ್ಟಿತ್ತು. ಆದರೆ ಆ ವರ್ಷದ ಡಿಸೆಂಬರ್ 21ರೊಳಗೆ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ ಅದನ್ನು ಸೀಮಿತಗೊಳಿಸಿದ್ದರಿಂದ ಇಂದು ಅದು ಹೆಸರಿಗಷ್ಟೇ ಉಳಿದಿದೆ. ಸಂಸತ್ತು ಆ ಒಂದು ದಿನಾಂಕವನ್ನು ತೆಗೆದುಹಾಕಿ, ಮೂರು ವರ್ಷದ ಪೂರ್ವಷರತ್ತನ್ನು ಆರು ತಿಂಗಳಿಗೆ ಇಳಿಸಿದರೆ, ವೀಸಾ ಸಂಖ್ಯೆಯ ಮಿತಿಯನ್ನು ಮುಟ್ಟದೆಯೇ ಗಂಡ-ಹೆಂಡತಿ ಒಂದೇ ಸೂರಿನಡಿ ಇದ್ದು ತಮ್ಮ ಸರದಿಗೆ ಕಾಯಬಹುದು.